ಹಾಜರಿ ಪುಸ್ತಕದ ಮಕ್ಕಳು

ದೆಹಲಿಯ ಪತ್ರಿಕೆಗಳನ್ನು ಓದುವ ನಮಗೆ ಕೆಲವು ವರ್ಷಗಳಿಂದ ಒಂದು ಬಗೆಯ ಸುದ್ದಿ ಮಾಮೂಲಾಗಿಬಿಟ್ಟಿದೆ. ವ್ಯಾಪಾರಿಯೊಬ್ಬನಿಗೆ ಸುಲಿಗೆಯ ಕರೆ ಬರುತ್ತದೆ. ಒಪ್ಪದಿದ್ದರೆ ಅವನ ಅಂಗಡಿಯ ಮುಂದೆ ಗುಂಡು ಹಾರುತ್ತದೆ. ಸಿಕ್ಕಿಬಿದ್ದವನನ್ನು ನೋಡಿದರೆ ಇನ್ನೂ ಮೀಸೆ ಮೂಡದ ಹುಡುಗ. ಗುಂಪಿನ ನಾಯಕ ಸೆರೆಮನೆಯಲ್ಲೋ ಕಡಲಾಚೆಯಲ್ಲೋ ಇರುತ್ತಾನೆ. ಹುಡುಗನಿಗೆ ಅವನ ಪರಿಚಯ ಮೊಬೈಲಿನ ಪರದೆಯ ಮೇಲಷ್ಟೇ. ಹದಿನೆಂಟು ತುಂಬದವನಿಗೆ ಶಿಕ್ಷೆ ಕಡಿಮೆ ಎಂಬ ಲೆಕ್ಕಾಚಾರ ನಾಯಕನದು. ಒಮ್ಮೆಯಾದರೂ ನಾಲ್ಕು ಜನ ತನ್ನತ್ತ ತಿರುಗಿ ನೋಡಲಿ ಎಂಬ ಆಸೆ ಹುಡುಗನದು. ಈ ಸೇರ್ಪಡೆಯನ್ನು ತಡೆಯುವ ಬಗೆ ಯಾವುದು ಎಂಬ ಪ್ರಶ್ನೆ ಇಂದಿನದೆಂದು ತೋರಬಹುದು. ಆದರೆ ನಮ್ಮ ದೇಶದ ಆಡಳಿತ ಇದನ್ನು ಕೇಳಿಕೊಂಡು ಎರಡು ಶತಮಾನಗಳಾಗುತ್ತ ಬಂದಿವೆ. ಅದು ಕಂಡುಕೊಂಡ ಉತ್ತರಗಳಲ್ಲಿ ಒಂದು ಬೆಳೆದದ್ದು ನಮ್ಮ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಎಂಬುದನ್ನು ಹೊರನಾಡಿನಲ್ಲಿರುವ ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಕಥೆ ಇನ್ನೂ ಹಿಂದಿನಿಂದ ಆರಂಭವಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು 100 ಮಂದಿ ಫಾಂಸಿಗಾರರನ್ನು ಹಿಡಿದುದಾಗಿ ಇಂಗ್ಲಿಷರ ಬರಹಗಳು ಹೇಳುತ್ತವೆ. ದಾರಿಹೋಕರ ಕೊರಳಿಗೆ ಕುಣಿಕೆ ಬಿಗಿದು ದೋಚುವ ಇವರನ್ನೇ ಉತ್ತರದಲ್ಲಿ ಥಗ್ಗರೆಂದರು. 1830ರ ದಶಕದಲ್ಲಿ ವಿಲಿಯಂ ಸ್ಲೀಮನ್ ಅವರ ವಿರುದ್ಧ ಕಾರ್ಯಾಚರಣೆ ಕೈಗೊಂಡ. 1836ರ ಕಾಯ್ದೆಯ ಪ್ರಕಾರ ಥಗ್ಗರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ಬೇರೆ ಅಪರಾಧ ತೋರಿಸಬೇಕಾಗಿರಲಿಲ್ಲ, ಜೀವಾವಧಿ ಶಿಕ್ಷೆ. ಸ್ಲೀಮನ್ ಚಿತ್ರಿಸಿದ ಥಗ್ಗರ ಜಗತ್ತಿನಲ್ಲಿ ನಿಜವೆಷ್ಟು, ಆಳುವವರ ಕಲ್ಪನೆಯೆಷ್ಟು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಅವನು ಮುಂದೆ ಮಾಡಿದ ಕೆಲಸ. ಮಾಫಿ ಸಾಕ್ಷಿಗಳಾದ ಥಗ್ಗರ ಗಂಡುಮಕ್ಕಳು ತಂದೆಯ ದಾರಿ ಹಿಡಿಯಬಾರದೆಂದು ಆ ದಶಕದ ಕೊನೆಯ ಹೊತ್ತಿಗೆ ಜಬಲ್ಪುರದಲ್ಲಿ ಒಂದು ಕೈಗಾರಿಕಾ ಶಾಲೆ ತೆರೆಯಿತು. ಅಲ್ಲಿ ಡೇರೆ ಹೊಲಿಯುವುದನ್ನೂ ಜಮಖಾನೆ ನೇಯುವುದನ್ನೂ ಕಲಿಸಿದರು. ಅಪರಾಧದ ಗುಂಪಿಗೆ ಎಳೆಯರು ಸೇರದಂತೆ ಸರ್ಕಾರವೇ ಮುಂದೆ ನಿಂತು ನಡೆಸಿದ ಮೊದಮೊದಲ ಯತ್ನಗಳಲ್ಲಿ ಇದೊಂದು.

ಕಾಕತಾಳೀಯವೋ ಕಾಲಧರ್ಮವೋ, ಅದೇ ವರ್ಷಗಳಲ್ಲಿ ಇಂಗ್ಲಿಷ್ ಸಾಹಿತ್ಯವೂ ಇದೇ ವಿಷಯವನ್ನು ಕೈಗೆತ್ತಿಕೊಂಡಿತ್ತು. 1837ರಿಂದ 1839ರವರೆಗೆ ಧಾರಾವಾಹಿಯಾಗಿ ಬಂದ ಡಿಕನ್ಸನ ‘ಆಲಿವರ್ ಟ್ವಿಸ್ಟ್’ನಲ್ಲಿ ಹಸಿದ ಅನಾಥನಿಗೆ ಲಂಡನ್ನಿನಲ್ಲಿ ಮೊದಲು ಊಟ ಸಿಗುವುದು ಜೇಬುಗಳ್ಳರ ಒಡೆಯನ ಮನೆಯಲ್ಲಿ. 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯ ಅಮೀರ್ ಅಲಿಯೂ ಅಂಥವನೇ: ಹೆತ್ತವರನ್ನು ಕೊಂದ ಥಗ್ಗರ ನಾಯಕನೇ ಅವನನ್ನು ಮಗನಂತೆ ಸಾಕುತ್ತಾನೆ. ಈ ಕಾದಂಬರಿಯನ್ನು ಬರೆದ ಮೆಡೋಸ್ ಟೇಲರ್ ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಆ ಸೀಮೆಯ ಜನ ಅವನ ಹೆಸರನ್ನು ಇಂದಿಗೂ ಮರೆತಿಲ್ಲ. ಗುಂಪು ಹುಡುಗನನ್ನು ಬೆದರಿಸಿ ಸೆಳೆಯುವುದಕ್ಕಿಂತ ಅನ್ನ ಕೊಟ್ಟು, ಹೆಸರಿಟ್ಟು, ‘ನೀನು ನಮ್ಮವನು’ ಎಂದು ಸೆಳೆಯುವುದೇ ಹೆಚ್ಚು ಎಂಬುದನ್ನು ಇಬ್ಬರು ಕಾದಂಬರಿಕಾರರೂ ಕಂಡಿದ್ದರು. ಆಡಳಿತ ಮಾತ್ರ ಅದನ್ನು ರಕ್ತದ ದೋಷವೆಂದೇ ಓದಿತು.

ಆ ಓದು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಆಗಿ ಕಾನೂನಿನ ರೂಪ ಪಡೆಯಿತು. ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಘೋಷಿಸುವ, ಅವರ ಹೆಸರುಗಳನ್ನು ನೋಂದಾಯಿಸಿ ಹಾಜರಿ ಕೂಗುವ ಅಧಿಕಾರ ಅದರಲ್ಲಿತ್ತು. 1897ರ ತಿದ್ದುಪಡಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಸುಧಾರಣಾ ಕೇಂದ್ರಗಳಲ್ಲಿಡಲು ಅವಕಾಶ ಕೊಟ್ಟಿತು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ವ್ಯವಸ್ಥೆ 1911ರ ಕಾಯ್ದೆಯೊಂದಿಗೆ ಮುಂಬೈ ಮತ್ತು ಮದರಾಸು ಪ್ರಾಂತ್ಯಗಳಿಗೂ, ಅಂದರೆ ಅಂದಿನ ಕನ್ನಡ ಜಿಲ್ಲೆಗಳಿಗೂ ಬಂತು.

ಮುಂಬೈ ಪ್ರಾಂತ್ಯದಲ್ಲಿ ಇದನ್ನು ರೂಪಿಸಿದವರು ಐಸಿಎಸ್ ಅಧಿಕಾರಿ ಓ. ಎಚ್. ಬಿ. ಸ್ಟಾರ್ಟ್. ಬಿಜಾಪುರದಲ್ಲಿ ಆರಂಭವಾದ ಅವರ ಪ್ರಯೋಗ ಬೇಗನೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಹಬ್ಬಿತು. ಗಂಟಿಚೋರರು, ಕೊರವರು, ಹರಣಶಿಕಾರಿಗಳು, ಕಂಜರಭಾಟರು ಮುಂತಾದವರನ್ನು ತಂತಿಬೇಲಿಯೊಳಗಿನ ಸೆಟ್ಲಮೆಂಟುಗಳಿಗೆ ತಂದರು. ದೊಡ್ಡವರಿಗೆ ಗಿರಣಿಯಲ್ಲೋ ರೈಲ್ವೆ ಕಾರ್ಯಾಗಾರದಲ್ಲೋ ಕೆಲಸ, ಮಕ್ಕಳಿಗೆ ಕಡ್ಡಾಯ ಶಾಲೆ, ಹೊರಗೆ ಹೋಗಲು ಪಾಸು, ಹೊತ್ತುಹೊತ್ತಿಗೆ ಹಾಜರಿ. ನಡತೆ ಒಳ್ಳೆಯದೆಂದು ಅಧಿಕಾರಿಗೆ ತೋರಿದವರಿಗೆ ಬೇಲಿಯ ಹೊರಗೆ ವಾಸಿಸುವ ಪರವಾನಗಿ.

ಸ್ಟಾರ್ಟ್ ಕ್ರೂರಿಯಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಪೊಲೀಸರ ಲಾಠಿಗಿಂತ ಶಾಲೆ ಮೇಲು ಎಂದು ಅವರು ನಂಬಿದ್ದರು. 1928ರಲ್ಲಿ ನಿಂದಿತ ವರ್ಗಗಳ ಸ್ಥಿತಿಗತಿ ಪರಿಶೀಲಿಸಲು ಮುಂಬೈ ಸರ್ಕಾರ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು; ಡಾ. ಅಂಬೇಡ್ಕರ್ ಅದರ ಸದಸ್ಯರಾಗಿದ್ದರು. ಆ ಶಾಲೆಗಳಲ್ಲಿ ಅಕ್ಷರ ಕಲಿತವರೂ ಗಿರಣಿಯ ಸಂಬಳದಲ್ಲಿ ಸಂಸಾರ ಕಟ್ಟಿದವರೂ ಇದ್ದರು. ಆದರೂ ಒಂದು ಮಾತು ಉಳಿಯುತ್ತದೆ. ಆ ಶಾಲೆಯ ಮಗು ಯಾವ ತಪ್ಪನ್ನೂ ಮಾಡದೆ ಬೇಲಿಯೊಳಗಿತ್ತು. ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ವಿದ್ಯಾರ್ಥಿ. ಪೊಲೀಸರ ಹಾಜರಿ ಪುಸ್ತಕದಲ್ಲಿ ಮುಂದೊಂದು ದಿನದ ಕಳ್ಳ. ಮೊದಲನೆಯ ಪುಸ್ತಕ ಕಲಿಸಿದ್ದನ್ನೆಲ್ಲ ಎರಡನೆಯದು ಅಳಿಸುತ್ತಿತ್ತು.

1949ರಲ್ಲಿ ನೇಮಕವಾದ ಅಯ್ಯಂಗಾರ್ ಸಮಿತಿ ಕಾಯ್ದೆಯ ರದ್ದತಿಗೆ ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಆ ದಿನವನ್ನು ವಿಮುಕ್ತ ದಿನವೆಂದು ಈಗಲೂ ಆಚರಿಸುತ್ತಾರೆ. ಬೇಲಿ ಹೋಯಿತು, ಹೆಸರು ಹೋಗಲಿಲ್ಲ. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ‘ಸೆಟ್ಲಮೆಂಟ್’ ಎಂಬುದು ಇಂದಿಗೂ ಬಡಾವಣೆಯ ಹೆಸರು. ‘ಗಂಟಿಚೋರ್’ ಎಂಬುದು ಸರ್ಕಾರಿ ಜಾತಿಪಟ್ಟಿಯಲ್ಲಿ ಉಳಿದಿದೆ. ಪ್ರಮಾಣಪತ್ರ ಪಡೆಯಹೋದ ವಿದ್ಯಾರ್ಥಿ ‘ಚೋರ’ ಎಂಬ ಪದವನ್ನು ತನ್ನ ಕೈಯಾರೆ ಬರೆದುಕೊಡಬೇಕು. ಇನ್ನೊಂದೆಡೆ, ಹಳೆಯ ಕಾಯ್ದೆಯ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು. ಗಂಡಾಳು ಮನೆಯಲ್ಲಿಲ್ಲದ ರಾತ್ರಿ ಪೊಲೀಸರು ಬಾಗಿಲು ತಟ್ಟಿದರೆ ಹೆದರಬೇಕಾದ ಮನೆಗಳು ಮೊದಲಿನಂತೆಯೇ ಉಳಿದವು.

ಇದೇ ಕಾಲದಲ್ಲಿ ಬೇರೊಂದು ದಾರಿಯೂ ಇತ್ತೆಂಬುದಕ್ಕೆ ಅಮೆರಿಕದ ಷಿಕಾಗೋ ಸಾಕ್ಷಿ. ಅಲ್ಲಿ 1920 ಮತ್ತು 1930ರ ದಶಕಗಳಲ್ಲಿ ಕ್ಲಿಫರ್ಡ್ ಷಾ ಎಂಬ ಸಮಾಜಶಾಸ್ತ್ರಜ್ಞ ನಗರದ ನಕ್ಷೆಯ ಮೇಲೆ ಬಾಲಾಪರಾಧಗಳನ್ನು ಗುರುತಿಸುತ್ತ ಹೋದ. ಕೆಲವು ಬಡ ಕೇರಿಗಳಲ್ಲಿ ವಲಸಿಗ ಜನಾಂಗಗಳು ಒಂದರ ಬಳಿಕ ಒಂದು ಬಂದುಹೋದರೂ ಅಪರಾಧದ ಪ್ರಮಾಣ ಅಲ್ಲೇ ಉಳಿದಿತ್ತು. ಎಂದರೆ ದೋಷ ಕುಲದಲ್ಲಿಲ್ಲ, ಕೇರಿಯ ಸ್ಥಿತಿಯಲ್ಲಿದೆ ಎಂದಾಯಿತು. ಅವನು ರೂಪಿಸಿದ ಯೋಜನೆಯಲ್ಲಿ ಆಯಾ ಕೇರಿಯ ಜನರೇ ಸಮಿತಿ ಮಾಡಿಕೊಂಡರು. ಒಂದು ಕಾಲಕ್ಕೆ ಗುಂಪುಗಳಲ್ಲಿದ್ದು ಹೊರಬಂದವರನ್ನೂ ಹುಡುಗರ ನಡುವೆ ಕೆಲಸಕ್ಕೆ ನೇಮಿಸಿದರು. ನಮ್ಮಲ್ಲಿ ಬೇಲಿ ಕಟ್ಟುತ್ತಿದ್ದಾಗ ಅಲ್ಲಿ ನೆರೆಹೊರೆಯನ್ನು ಕಟ್ಟುವ ಯತ್ನ ನಡೆದಿತ್ತು.

ಆ ಬಗೆಯ ಯತ್ನಗಳು ದೆಹಲಿಗೆ ಬಂದದ್ದು ತಡವಾಗಿ. 1988ರಲ್ಲಿ ಪೊಲೀಸ್ ಅಧಿಕಾರಿ ಆಮೋದ್ ಕಂಠ್ ಜಹಾಂಗೀರ್‌ಪುರಿಯ ಬಡ ಮಕ್ಕಳಿಗಾಗಿ ‘ಪ್ರಯಾಸ್’ ಆರಂಭಿಸಿದರು. ಕಿರಣ್ ಬೇಡಿ ಮತ್ತು ಅವರ ಸಹೋದ್ಯೋಗಿಗಳು ವ್ಯಸನಮುಕ್ತಿಗಾಗಿ ‘ನವಜ್ಯೋತಿ’ಯನ್ನು ಕಟ್ಟಿದ್ದೂ ಅದೇ ವರ್ಷಗಳಲ್ಲಿ. 2017ರ ಆಗಸ್ಟ್‌ನಲ್ಲಿ ದೆಹಲಿ ಪೊಲೀಸರು ‘ಯುವಾ’ ಎಂಬ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಶಾಲೆ ಬಿಟ್ಟವರು, ಒಮ್ಮೆ ಎಡವಿದ ಬಾಲಕರು ಮುಂತಾದವರಿಗೆ ಪೊಲೀಸ್ ಠಾಣೆಯಲ್ಲೇ ಕೌಶಲ ತರಬೇತಿ ಕೊಟ್ಟು ಉದ್ಯೋಗಕ್ಕೆ ದಾರಿ ತೋರುವುದು ಅದರ ಉದ್ದೇಶ. ಠಾಣೆಯ ಹೆಸರು ಕೇಳಿದರೆ ಓಡಿಹೋಗುತ್ತಿದ್ದ ಹುಡುಗ ಅಲ್ಲಿ ಕುಳಿತು ಪಾಠ ಕೇಳುವುದು ಸಣ್ಣ ಬದಲಾವಣೆಯಲ್ಲ.

ಕಾನೂನೂ ಬದಲಾಗಿದೆ. 2015ರ ಬಾಲನ್ಯಾಯ ಕಾಯ್ದೆಯ 83ನೆಯ ಕಲಮಿನ ಪ್ರಕಾರ ಮಕ್ಕಳನ್ನು ಅಕ್ರಮ ಕೃತ್ಯಗಳಿಗೆ ಬಳಸುವ ವಯಸ್ಕರಿಗೆ 7 ವರ್ಷಗಳವರೆಗೆ ಕಠಿಣ ಶಿಕ್ಷೆ ಮತ್ತು 5 ಲಕ್ಷ ರೂಪಾಯಿ ದಂಡ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 95ನೆಯ ಕಲಮು ಅಪರಾಧಕ್ಕೆ ಮಗುವನ್ನು ನೇಮಿಸಿಕೊಂಡವನಿಗೆ 3ರಿಂದ 10 ವರ್ಷಗಳ ಸೆರೆವಾಸ ವಿಧಿಸುತ್ತದೆ. ಸೇರಿದವನಿಗಿಂತ ಸೇರಿಸಿಕೊಂಡವನ ಹೊಣೆ ದೊಡ್ಡದು ಎಂಬ ವಿವೇಕ ಇಲ್ಲಿದೆ. ಸ್ಲೀಮನ್ನನ ಕಾಲದಲ್ಲಿ ಇದು ಇರಲಿಲ್ಲ.

ಆದರೆ ಹಾಜರಿ ಪುಸ್ತಕದ ಗತಿಯೇನು? ನಾವು ವಾಸಿಸುವ ಸರೋಜಿನಿ ನಗರ ಹಿಂದೆ ವಿನಯ ನಗರವೆನಿಸಿದ್ದ ಸರ್ಕಾರಿ ನೌಕರರ ಬಡಾವಣೆ. ಇಲ್ಲಿನ ವಸತಿಗೃಹದ ಹುಡುಗ ಹದಿನಾರನೆಯ ವಯಸ್ಸಿನಲ್ಲಿ ಹೊಡೆದಾಟ ಮಾಡಿಕೊಂಡರೆ ತಂದೆಯ ಗುರುತಿನ ಚೀಟಿ ಅವನನ್ನು ಮನೆಗೆ ಕರೆತರುತ್ತದೆ. ಅದು ‘ವಯಸ್ಸಿನ ಹುಡುಗಾಟ’ ಎನಿಸಿಕೊಳ್ಳುತ್ತದೆ. ಅದೇ ಸರೋಜಿನಿ ಮಾರುಕಟ್ಟೆಯಲ್ಲಿ ಬಟ್ಟೆಯ ರಾಶಿಯ ಪಕ್ಕ ನಿಂತು ಬೆಲೆ ಕೂಗುವ ಅವನ ಓರಗೆಯವನು ಅದನ್ನೇ ಮಾಡಿದರೆ ಅವನ ಹೆಸರು ಎಲ್ಲೋ ಒಂದು ಕಡತ ಸೇರುತ್ತದೆ. ಮುಂದೆ ಆ ಓಣಿಯಲ್ಲಿ ಏನು ಕಳುವಾದರೂ ಮೊದಲು ನೆನಪಾಗುವುದು ಆ ಹೆಸರು. ಬೇರೆಲ್ಲ ಬಾಗಿಲುಗಳೂ ಮುಚ್ಚಿಕೊಂಡ ಮೇಲೆ ತೆರೆದಿರುವುದು ಗುಂಪಿನ ಬಾಗಿಲೊಂದೇ. ಗುಂಪಿನ ಸೇರ್ಪಡೆಗೆ ಇದಕ್ಕಿಂತ ದೊಡ್ಡ ನೆರವು ಬೇಕಿಲ್ಲ.

ಇದನ್ನು ನ್ಯಾಯಾಲಯವೂ ಗಮನಿಸಿದೆ. ಠಾಣೆಗಳಲ್ಲಿಡುವ ಹಿಸ್ಟರಿ ಶೀಟುಗಳಲ್ಲಿ ಆಪಾದಿತನ ಅಪ್ರಾಪ್ತ ಬಂಧುಗಳ ವಿವರಗಳು ಸಲ್ಲ ಎಂಬುದು 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಆಶ್ರಯ ಕೊಟ್ಟದ್ದಕ್ಕೆ ಸಾಕ್ಷ್ಯವಿಲ್ಲದ ಹೊರತು ಅಂಥ ಮಕ್ಕಳ ವಿವರ ಬರೆಯಬಾರದೆಂದು ದೆಹಲಿ ಪೊಲೀಸರು ತಮ್ಮ ನಿಯಮವನ್ನು ತಿದ್ದಿಕೊಂಡರು. ಹಿಂದುಳಿದ ಸಮುದಾಯಗಳ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಇಂಥ ಹಾಳೆಗಳಿಗೆ ಸೇರುವ ಬಗ್ಗೆ ಇತರ ರಾಜ್ಯಗಳೂ ಯೋಚಿಸಬೇಕೆಂದು ನ್ಯಾಯಾಲಯ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಸೆರೆಮನೆಗಳ ಜಾತಿತಾರತಮ್ಯದ ನಿಯಮಗಳನ್ನು ರದ್ದುಮಾಡಿದ ತೀರ್ಪು ವಿಮುಕ್ತ ಬುಡಕಟ್ಟುಗಳ ಮೇಲಿನ ಹಳೆಯ ಕಳಂಕವನ್ನೂ ಚರ್ಚಿಸಿತು. ಬಾಲನ್ಯಾಯ ಕಾಯ್ದೆಯಂತೂ ವಿಶೇಷ ಸಂದರ್ಭಗಳನ್ನು ಬಿಟ್ಟರೆ ಮಗುವಿನ ಹಿಂದಿನ ದಾಖಲೆಗಳನ್ನು ಅಳಿಸಬೇಕೆಂಬುದನ್ನು ತತ್ತ್ವವಾಗಿಯೇ ಸ್ವೀಕರಿಸಿದೆ.

ಬರೆಯುವುದು ನಮಗೆ, ಎಂದರೆ ಸರ್ಕಾರದ ಮೇಜಿನ ಹಿಂದೆ ಕುಳಿತವರಿಗೆ, ಬಲು ಸಲೀಸು, ಅಳಿಸುವುದು ಕಷ್ಟ. ಯೋಜನೆಯ ಯಶಸ್ಸನ್ನು ನಾವು ಎಷ್ಟು ಮಂದಿ ನೋಂದಾಯಿಸಿಕೊಂಡರು ಎಂಬುದರಿಂದ ಅಳೆಯುತ್ತೇವೆ. ಸೆಟ್ಲಮೆಂಟಿನ ಅಧಿಕಾರಿಗಳೂ ಹಾಗೆಯೇ ಅಳೆದರು. ಎಳೆಯರನ್ನು ಅಪರಾಧದಿಂದ ದೂರವಿಡುವ ಕಾರ್ಯಕ್ರಮವೊಂದರ ಮುಂದಾಳುತನ ವಹಿಸುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೇರೆ. ಇಲ್ಲಿ ಕಲಿತ ಹುಡುಗ ಐದು ವರ್ಷಗಳ ಬಳಿಕ ಕೆಲಸಕ್ಕೆ ಅರ್ಜಿ ಹಾಕಿದಾಗ, ಅವನು ಇಂಥ ಕಾರ್ಯಕ್ರಮದಲ್ಲಿದ್ದನೆಂಬುದು ಅವನು ತಾನಾಗಿ ಹೇಳದೆ ಯಾರಿಗಾದರೂ ತಿಳಿಯುವಂತಿದೆಯೆ? ತಿಳಿಯುವಂತಿದ್ದರೆ ನಾವು ಕಟ್ಟಿದ್ದು ಹುಬ್ಬಳ್ಳಿಯ ಬೇಲಿಯನ್ನೇ. ತಂತಿ ಮಾತ್ರ ಕಾಣುವುದಿಲ್ಲ.