ಮನೆತನದ ಚರಿತ್ರೆ ಬರೆದಿಡೋಣ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಘದ ಚರಿತ್ರೆ ಬರೆಯುವುದು ಸುಲಭ. ನಡವಳಿ ಪುಸ್ತಕವಿದೆ, ಷೇರು ರಿಜಿಸ್ಟರಿದೆ. ನಮ್ಮ ನಮ್ಮ ಮನೆತನಕ್ಕೆ ಯಾವ ಪುಸ್ತಕವಿದೆ? ತಾತನ ಹೆಸರು ಹೇಳ್ತೀವಿ, ಮುತ್ತಾತನ ಹೆಸರು ಕೇಳಿದರೆ ತಲೆ ಕೆರೆದುಕೊಳ್ತೀವಿ. ಮುತ್ತಜ್ಜಿ ಯಾವ ಊರಿನ ಮಗಳು ಅಂದರಂತೂ ಹೇಳುವವರೇ ಇಲ್ಲ.

ಹಿಂದೆ ಈ ಕೆಲಸಕ್ಕೆ ಹೆಳವರಿದ್ದರು. ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಮುಚ್ಚಿಕೊಂಡು ಬಂದು, ತಮ್ಮ ಒಕ್ಕಲು ಮನೆಗಳ ಮುಂದೆ ವಂಶಾವಳಿ ಹೇಳುತ್ತಿದ್ದರು. ಮೂಲ ಊರು ಯಾವುದು, ಅಣ್ಣತಮ್ಮಂದಿರು ಎಷ್ಟು ಜನ ಅನ್ನೋದೆಲ್ಲ ಅವರ ಬಾಯಲ್ಲಿತ್ತು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕೊಟ್ಟ ದವಸ, ದುಡ್ಡು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಮೈಸೂರು, ಬಳ್ಳಾರಿ ಸೀಮೆಯ ಹೆಳವರ ಬಗ್ಗೆ ಥರ್ಸ್ಟನ್ ಎಂಬ ವಿದ್ವಾಂಸರು 1909ರಲ್ಲೇ ಬರೆದಿದ್ದಾರೆ. ಈಗ ಹೆಳವರ ಮಕ್ಕಳೂ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಅದು ಆಗಬೇಕಾದ್ದೇ. ಆದರೆ ಅವರು ಹೊತ್ತಿದ್ದ ನೆನಪನ್ನು ಇನ್ನು ನಾವೇ ಹೊರಬೇಕು.

ಮರೆವು ದೊಡ್ಡವರನ್ನೂ ಬಿಟ್ಟಿಲ್ಲ. ನಮ್ಮ ಮಾಗಡಿ ಸೀಮೆಯ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದವರು. ಅಂಥವರ ಸಮಾಧಿ ನಮ್ಮ ತಾಲ್ಲೂಕಿನ ಕೆಂಪಾಪುರದಲ್ಲೇ ಇದೆ ಅನ್ನೋದು ನಾಡಿಗೆ ಗೊತ್ತಾದದ್ದು 2015ರಲ್ಲಿ. ಗೊತ್ತಾದದ್ದು ಹೇಗೆ? ಅಲ್ಲಿನ ಕಲ್ಲಿನ ಮೇಲೆ ಬರಹವಿತ್ತು. ಬರೆದಿಟ್ಟದ್ದರಿಂದ ಉಳಿಯಿತು, ಓದುವವರಿಲ್ಲದ್ದರಿಂದ ಮರೆಯಾಗಿತ್ತು. ಆದ್ದರಿಂದ ಬರೆದರೆ ಸಾಲದು, ನಾಲ್ಕು ಜನ ಓದುವಂತೆ ಅಚ್ಚು ಮಾಡಿಸಬೇಕು.

ನಮಗೆ ವಂಶವೃಕ್ಷ ನೆನಪಾಗುವುದು ಪೌತಿ ಖಾತೆ ಮಾಡಿಸುವಾಗ ಮಾತ್ರ. ಅದು ಜಮೀನಿನ ಸಲುವಾಗಿ ಬರೆದದ್ದು. ಬರಗಾಲದಲ್ಲಿ ಮನೆ ಹೇಗೆ ನಡೆಯಿತು, ಯಾರು ಬಾವಿ ತೋಡಿದರು ಅನ್ನೋದು ಅದರಲ್ಲಿರೋದಿಲ್ಲ. ಜಮೀನೇ ಇಲ್ಲದೆ ಕೂಲಿ ಮಾಡಿದವರ ಹೆಸರು ಪಹಣಿಯಲ್ಲೂ ಇಲ್ಲ. ಹೆಳವರೂ ಎಲ್ಲರ ಮನೆಗೆ ಹೋಗುತ್ತಿರಲಿಲ್ಲ. ಊರಿನ ಕೆರೆಗೆ ಮಣ್ಣು ಹೊತ್ತವರ ಕಥೆ ಅವರ ಮನೆಯ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಇದೆ. ಅವರು ಹೋದ ದಿನ ಅದೂ ಹೋಗುತ್ತದೆ. ಮೊದಲು ಬರೆಯಬೇಕಾದ್ದು ಇದನ್ನು.

ಹೇಗೆ ಶುರು ಮಾಡೋದು? ಒಂದು ನೂರು ಹಾಳೆಯ ನೋಟ್ ಬುಕ್ ಸಾಕು. ಮನೆಯ ಹಿರೀಕರನ್ನು ಕೂರಿಸಿಕೊಂಡು ಕೇಳಿ. ಅವರು ಹೇಳಿದ್ದನ್ನು ಮೊಬೈಲಿನಲ್ಲೂ ರೆಕಾರ್ಡ್ ಮಾಡಿ. ಇಸವಿ ಗೊತ್ತಿಲ್ಲ ಅಂದರೆ ಬಿಡಬೇಡಿ. ತಿಪ್ಪಗೊಂಡನಹಳ್ಳಿ ಡ್ಯಾಂ ಆದದ್ದು 1933ರಲ್ಲಿ. ಅದಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿದರೆ ಲೆಕ್ಕ ಸಿಗುತ್ತದೆ. ಹಳೇ ಕ್ರಯಪತ್ರ, ವಿಭಾಗಪತ್ರ, ಕಂದಾಯ ರಸೀದಿ, ಲಗ್ನಪತ್ರಿಕೆ ಹುಡುಕಿ. ಪಹಣಿ ಕಂಪ್ಯೂಟರಿಗೆ ಬರುವ ಮುಂಚಿನ ಕೈಬರಹದ ದಾಖಲೆಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ಕೇಳಿ. ಫೋಟೋ ಹಿಂದೆ ಹೆಸರು ಬರೆಯಿರಿ. ಹೆಣ್ಣುಮಕ್ಕಳನ್ನೂ, ಮನೆಗೆ ಬಂದ ಸೊಸೆಯರ ತವರನ್ನೂ ಸೇರಿಸಿ. ಅರ್ಧ ಚರಿತ್ರೆ ಅವರದೇ.

ಸಾಲ, ಜಗಳ, ಪಾಲುಪಾರಿಕತ್ತು ಎಲ್ಲ ಮನೆಯಲ್ಲೂ ಇದ್ದದ್ದೇ. ನಿಜವನ್ನೇ ಬರೆಯಿರಿ. ಬದುಕಿರುವವರ ವಿಷಯವನ್ನು ಅವರನ್ನು ಕೇಳಿ ಅಚ್ಚು ಮಾಡಿಸಿ. ಒಂದು ಪ್ರತಿ ಮನೆಯಲ್ಲಿ, ಒಂದು ಬೆಂಗಳೂರು ಸೇರಿದ ಮಕ್ಕಳ ಹತ್ತಿರ, ಒಂದು ಗ್ರಂಥಾಲಯದಲ್ಲಿ ಇರಲಿ.

ಒಬ್ಬೊಬ್ಬರೇ ಪುಸ್ತಕ ಮಾಡಿಸೋದು ಕಷ್ಟ. ಒಂದೊಂದು ಮನೆಯಿಂದ ಎರಡೆರಡು ಪುಟ ಬಂದರೂ ಊರಿನ ಪುಸ್ತಕವೇ ಆಗುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಅನ್ನೋದೇ ಸಹಕಾರ ತತ್ವ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ, ಅಷ್ಟರೊಳಗೆ ಪ್ರತಿ ಮನೆಯವರೂ ಒಂದು ಪುಟವಾದರೂ ಬರೆದು ತರಲಿ ಎಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇನೆ.