ಪಣಂಬೂರಿನಿಂದ ಕುತ್ತೆತ್ತೂರಿನವರೆಗೆ



1837ರಲ್ಲಿ ಕಲ್ಯಾಣಸ್ವಾಮಿಯ ದಂಡು ಮಂಗಳೂರನ್ನು ಹಿಡಿದು, ಬಾವುಟಗುಡ್ಡದ ಮೇಲೆ ತನ್ನ ಧ್ವಜವನ್ನೇರಿಸಿದ ಸಂಗತಿಯನ್ನು ತಾವೆಲ್ಲರೂ ಬಲ್ಲಿರಿ. ಅದಕ್ಕೂ ಆರು ವರ್ಷ ಹಿಂದೆ ಅದೇ ಊರಿನಲ್ಲಿ ನಡೆದ ಇನ್ನೊಂದು ಪ್ರತಿಭಟನೆಯನ್ನು ಬಲ್ಲವರು ವಿರಳ. ಧಾನ್ಯದ ಬೆಲೆ ಕುಸಿದು ಕಂದಾಯದ ಹೊರೆ ತಾಳಲಾರದಾದಾಗ, 1830-31ರಲ್ಲಿ, ಕೆನರಾ ಜಿಲ್ಲೆಯ ರೈತರು ಅಲ್ಲಲ್ಲಿ ‘ಕೂಟ’ಗಳನ್ನು ಕಟ್ಟಿಕೊಂಡರು, ಕದ್ರಿಯ ಮಂಜುನಾಥ ದೇವಾಲಯದಲ್ಲಿ ನೆರೆದರು, ಕಂದಾಯ ಸಲ್ಲಿಸಲಾರೆವೆಂದು ಕಂಪನಿ ಸರಕಾರಕ್ಕೆ ತಿಳಿಸಿದರು. ಹೀಗೆ ಊರು ನೆರೆದು ‘ಆಗದು’ ಎಂದು ಹೇಳುವ ರೂಢಿ ಆ ನೆಲದಲ್ಲಿ ಅಳಿದಿರಲಿಲ್ಲವೆಂಬುದು ಮುಕ್ಕಾಲು ಶತಮಾನ ಕಳೆದು, ಮತ್ತೊಂದು ಶತಮಾನ ಕಳೆದ ಮೇಲೆ, ಮಂಗಳೂರಿನ ಬಡಗು ದಿಕ್ಕಿನ ಹಳ್ಳಿಗಳಲ್ಲಿ ತಿಳಿದುಬಂತು. ಆ ವೃತ್ತಾಂತವನ್ನೇ ಇಲ್ಲಿ ನಿವೇದಿಸಬಯಸುತ್ತೇನೆ.

ಬಯಲುಸೀಮೆಯ ಎರೆಹೊಲಗಳನ್ನು ಕಂಡು ಬೆಳೆದ ನಮ್ಮಂಥವರಿಗೆ ತುಳುನಾಡಿನ ಭೂಮಿಯ ರೀತಿ ಸುಲಭವಾಗಿ ಅರ್ಥವಾಗುವುದಿಲ್ಲ. ಅಲ್ಲಿ ನೆಲವನ್ನು ಅಳೆಯುವುದು ನೀರಿನಿಂದ. ಗುಡ್ಡಗಳ ನಡುವಣ ತಗ್ಗು ಬೈಲು. ಅದಕ್ಕಿಂತ ಮೇಲಿನದು ಮಜಲು. ಅದಕ್ಕೂ ಮೇಲಿನದು ಬೆಟ್ಟು. ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆಯೊಂದೇ. ಮಜಲಿನಲ್ಲಿ ಅದರ ಮೇಲೆ ಸುಗ್ಗಿ. ಬೈಲಿನಲ್ಲಿ ಮೂರನೆಯದಾಗಿ ಕೊಳಕೆಯೂ ಉಂಟು. ಈ ಮೂರಕ್ಕೂ ಮೇಲೆ, ಮುರಕಲ್ಲಿನ ಬೋಳು ಹಾಸು: ಪದವು. ದೂರದಿಂದ ಬಂದು ನೋಡಿದವನಿಗೆ ಪದವು ಬಂಜರು. ಆದರೆ ಆಷಾಢದ ಮಳೆಯನ್ನು ಹೀರಿ, ಒಡಲಲ್ಲಿ ಇರಿಸಿಕೊಂಡು, ತಪ್ಪಲಿನ ಕೆರೆ ಮದಕಗಳಿಗೂ ಬಾವಿಗಳಿಗೂ ಬೇಸಗೆಯವರೆಗೆ ಒಸರಿಸುವುದು ಆ ಬೋಳು ಕಲ್ಲೇ. ಮೇಲಿನದನ್ನು ಅಗೆದು ಸಮಗೊಳಿಸಿದರೆ ಕೆಳಗಿನ ಕೊಳಕೆ ಬೆಳೆಗೆ ನೀರಿಲ್ಲ. ಕೆಂಪುಮಣ್ಣು ಕೊಚ್ಚಿ ಬಂದರೆ ಏಣೆಲಿಗೂ ಗದ್ದೆಯಿಲ್ಲ. ಮುಂದೆ ಹೇಳುವ ವಿವಾದದ ಬೀಜ ಇದರಲ್ಲಿಯೇ ಇದೆ. ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಮೊದಲು ತೆರವಾದದ್ದು ಕಡಲತಡಿಯ ಪಣಂಬೂರು. ನವಮಂಗಳೂರು ಬಂದರಿನ ಕೆಲಸ 1960ರ ದಶಕದಲ್ಲಿ ಆರಂಭವಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಯಿತು. ಅಲ್ಲಿಂದ ಎದ್ದ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡದ ನೆಲದಲ್ಲಿ ನಿವೇಶನ ಪಡೆದವು. ಸ್ವಾತಂತ್ರ್ಯ ಬಂದು ಹೆಚ್ಚು ಕಾಲವಾಗಿರಲಿಲ್ಲ. ದೇಶಕ್ಕೆ ಬಂದರು ಬೇಕೆಂದರೆ ಬೇಡವೆನ್ನುವ ಮನಸ್ಸು ಜನರಿಗಿರಲಿಲ್ಲ. ಬೈಲಿನಲ್ಲಿ ಬದುಕಿದವರು ಪದವಿನ ಮೇಲೆ ಬದುಕುವುದನ್ನು ಹೊಸದಾಗಿ ಕಲಿತರು.

ಅದೇ 1974ರಲ್ಲಿ ಇನ್ನೊಂದು ಸಂಗತಿಯೂ ಜರುಗಿತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಶಾಸನ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ತುಳುನಾಡಿನಷ್ಟು ಗೇಣಿ ಹಬ್ಬಿದ್ದ ಸೀಮೆ ನಾಡಿನಲ್ಲಿ ಮತ್ತೊಂದಿರಲಿಲ್ಲವೆಂದರೂ ಸಲ್ಲುತ್ತದೆ. ಅಲ್ಲಿನ ಚಾಲಗೇಣಿಯ ಒಕ್ಕಲು ಭೂನ್ಯಾಯಮಂಡಳಿಯ ಮುಂದೆ ನಿಂತು, ತಲೆಮಾರುಗಳಿಂದ ಉತ್ತ ಗದ್ದೆಯನ್ನು ತನ್ನ ಹೆಸರಿಗೆ ಬರೆಸಿಕೊಂಡ. ಅದು ಯಾರೂ ದಾನವಾಗಿ ಕೊಟ್ಟ ಭೂಮಿಯಲ್ಲ. ಕಾಯಕದಿಂದ ಗಳಿಸಿದ ಭೂಮಿಯೆಂದು ಕರೆದರೆ ನಮ್ಮವರು ತಪ್ಪೆಣಿಸಲಾರರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಗದ್ದೆಗೆ ಮತ್ತೊಂದು ನೋಟೀಸು ಬಂದಾಗ ಆ ಮನೆಗಳಲ್ಲಿ ಹುಟ್ಟಿದ ಸಂಕಟವನ್ನು ಅಳೆಯಬೇಕಾದರೆ ಈ 1974ನ್ನು ಮರೆಯಬಾರದು.

ಒಳನಾಡಿನ ಕುತ್ತೆತ್ತೂರಿನ ಸರದಿ ಬಂದದ್ದು ತೈಲಶುದ್ಧೀಕರಣಾಗಾರದಿಂದ. ಎಂ.ಆರ್.ಪಿ.ಎಲ್. ಸಂಸ್ಥೆ 1988ರಲ್ಲಿ ಸ್ಥಾಪನೆಗೊಂಡು, 1996ರಲ್ಲಿ ಸ್ಥಾವರ ಕಾರ್ಯಾರಂಭ ಮಾಡಿತು. ಇಂದು ಕುತ್ತೆತ್ತೂರು ಎಂಬ ಹೆಸರು ಹೊರಗಿನವರಿಗೆ ಆ ಸಂಸ್ಥೆಯ ಅಂಚೆ ವಿಳಾಸವಾಗಿ ಮಾತ್ರ ಪರಿಚಿತ. ನೆಲ ಬಿಟ್ಟವರಲ್ಲಿ ಅನೇಕರು ಚೇಳ್ಯಾರಿನ ಪುನರ್ವಸತಿ ಬಡಾವಣೆಗೆ ಹೋದರು. ಉಳಿದ ಅರ್ಧ ಊರು ಉಳಿದಲ್ಲಿಯೇ ಉಳಿಯಿತು.

2005ರಲ್ಲಿ ಕೇಂದ್ರ ಸರಕಾರ ವಿಶೇಷ ಆರ್ಥಿಕ ವಲಯಗಳ ಶಾಸನವನ್ನು ತಂದಿತು. ಮಂಗಳೂರಿನಲ್ಲಿಯೂ ಪೆಟ್ರೋರಾಸಾಯನಿಕ ಉದ್ಯಮಗಳಿಗಾಗಿ ಅಂಥ ವಲಯವೊಂದು ರೂಪುಗೊಂಡಿತು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಒ.ಎನ್.ಜಿ.ಸಿ. ಮೊದಲಾದವು ಅದರ ಪಾಲುದಾರರು. ಭೂಮಿ ಪಡೆಯಲು ಬಳಸಿದ್ದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಶಾಸನ. ಅದರ ಕ್ರಮ ಹೀಗೆ: ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ, ಒಡೆಯನ ಆಕ್ಷೇಪಣೆಗೆ ಮೂವತ್ತು ದಿನಗಳಿಗೆ ಕಡಿಮೆಯಿಲ್ಲದ ಅವಧಿ ಕೊಡುತ್ತಾರೆ, ಆಕ್ಷೇಪಣೆಯನ್ನು ಆಲಿಸಿದ ಬಳಿಕ ಅಂತಿಮ ಅಧಿಸೂಚನೆ ಹೊರಟರೆ ನೆಲ ಸರಕಾರದ ವಶ. ‘ನೀವು ಒಪ್ಪುವಿರೋ?’ ಎಂಬ ಪ್ರಶ್ನೆಗೆ ಆ ಶಾಸನದಲ್ಲಿ ಸ್ಥಳವಿಲ್ಲ. ‘ನಿಮ್ಮ ಆಕ್ಷೇಪಣೆಯೇನು?’ ಎಂಬುದಕ್ಕೆ ಮಾತ್ರ ಇದೆ.

ಮೊದಲ ಹಂತದಲ್ಲಿ ಕಳವಾರು, ಬಜ್ಪೆ, ತೋಕೂರು ಮೊದಲಾದ ಕಡೆಗಳ ನೆಲ ಹೋಯಿತು. ಕುಡುಬಿ ಜನರ ಒಕ್ಕಲುಗಳು ಎದ್ದವು. ಒಪ್ಪಿಗೆಯಿತ್ತವರಿದ್ದರು, ಪರಿಹಾರವನ್ನೂ ಕೆಲಸದ ಭರವಸೆಯನ್ನೂ ನಂಬಿ ಹೊರಟವರಿದ್ದರು; ಅವರನ್ನು ಹಳಿಯುವುದು ನ್ಯಾಯವಲ್ಲ. ಕೊನೆಯವರೆಗೂ ಒಪ್ಪದೆ ಉಳಿದ ಕೃಷಿಕರೊಬ್ಬರ ಮನೆಯನ್ನು 2010ರಲ್ಲಿ ಕೆಡವಲಾಯಿತು.

ಎರಡನೆಯ ಹಂತಕ್ಕೆ ಗುರುತಿಸಿದ ಊರುಗಳು ಕುತ್ತೆತ್ತೂರು, ಪೆರ್ಮುದೆ, ತೆಂಕ ಎಕ್ಕಾರು, ದೇಲಂತಬೆಟ್ಟು. ನೆರೆಯ ಊರು ಎದ್ದುಹೋದದ್ದನ್ನು ಕಣ್ಣಾರೆ ಕಂಡಿದ್ದ ಇವರು ಸಮಿತಿ ಕಟ್ಟಿದರು, ಸಭೆ ಸೇರಿದರು. ಅವರ ವಾದದ ತಿರುಳು ಸರಳವಾಗಿತ್ತು: ಇದು ಬಂಜರಲ್ಲ, ಭತ್ತ, ಅಡಕೆ, ತೆಂಗು, ಮಲ್ಲಿಗೆ ಬೆಳೆಯುವ ನೆಲ. ನನ್ನ ದೃಷ್ಟಿಯಲ್ಲಿ ಅವರ ಬಲವಿದ್ದದ್ದು ಘೋಷಣೆಗಿಂತ ಹೆಚ್ಚಾಗಿ ಈ ಲೆಕ್ಕದಲ್ಲಿ. ಇನ್ನೊಂದು ತೊಡಕೂ ಇತ್ತು. ಮನೆಯನ್ನು ಬೇರೆಡೆ ಕಟ್ಟಬಹುದು. ಕುಟುಂಬದ ನಾಗಬನವನ್ನೂ ದೈವದ ಸ್ಥಾನವನ್ನೂ ಲಾರಿಯಲ್ಲಿ ಸಾಗಿಸುವುದು ಹೇಗೆ? ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ನಂಬಿದ ನಮಗೆ ಈ ಮಾತು ದೂರದ್ದೆನಿಸೀತು. ಆದರೆ ಆ ಬನದ ಮರಗಳ ಬುಡದಲ್ಲಿಯೇ ಊರಿನ ಬಾವಿಯ ಒಸರು ಇರುತ್ತದೆಂಬುದನ್ನು ಅಲ್ಲಿಗೆ ಹೋದವರು ಕಂಡಾರು.

ಮಂಗಳೂರಿನ ಸಮೀಪದ ಪೇಜಾವರ ಊರಿನ ಹೆಸರನ್ನೇ ಹೊತ್ತ ಉಡುಪಿಯ ಮಠದ ಶ್ರೀ ವಿಶ್ವೇಶತೀರ್ಥರು ಈ ಜನರ ಪಕ್ಷ ವಹಿಸಿ ಮಾತನಾಡಿದರು. ಇದೇ ಕಾಲದಲ್ಲಿ ಬಡಗಣ ಗದಗ ಜಿಲ್ಲೆಯಲ್ಲಿ ಅಂಥದೇ ಪ್ರಸಂಗ ಒದಗಿತ್ತು. ಮುಂಡರಗಿ ಸೀಮೆಯ ಹಳ್ಳಿಗುಡಿಯಲ್ಲಿ ಕೊರಿಯಾ ದೇಶದ ಪೋಸ್ಕೋ ಕಂಪನಿ ಸುಮಾರು 32,000 ಕೋಟಿ ರೂಪಾಯಿಗಳ ಉಕ್ಕಿನ ಕಾರ್ಖಾನೆಯನ್ನು ಸ್ಥಾಪಿಸಲು ಮುಂದಾದಾಗ, ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದಾಳಾಗಿ ನಿಂತರು. ಕರಾವಳಿಯ ಭತ್ತದ ಗದ್ದೆಗೂ ಗದಗಿನ ಎರೆಗೂ, ಎರಡು ಮಠಗಳ ಸಿದ್ಧಾಂತಗಳಿಗೂ ಹೋಲಿಕೆಯಿಲ್ಲ. ಆದರೂ ಇಬ್ಬರೂ ಮಠಾಧೀಶರು ಹೊಲದ ಬದುವಿಗೆ ಇಳಿದು ಬಂದರು.

2011ರ ಜುಲೈ ತಿಂಗಳಲ್ಲಿ, ಯಡಿಯೂರಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕೊನೆಯ ದಿನಗಳಲ್ಲಿ, ಎರಡೂ ಕಡೆ ಸರಕಾರ ಹಿಂದೆ ಸರಿಯಿತು. ಹಳ್ಳಿಗುಡಿಯ ಭೂಸ್ವಾಧೀನ ನಿಂತಿತು. ಕುತ್ತೆತ್ತೂರು ಮೊದಲಾದ ನಾಲ್ಕು ಊರುಗಳ 2,035 ಎಕರೆಗಳು ಸ್ವಾಧೀನದಿಂದ ಹೊರಬಂದವು.

ಮೊದಲ ಹಂತದ ನೆಲದ ಮೇಲೆ ವಲಯವು ಎದ್ದು ನಿಂತಿತು. ಕಾರ್ಖಾನೆಗಳೂ ಬಂದವು, ಕೆಲವರಿಗೆ ಉದ್ಯೋಗವೂ ದೊರೆಯಿತು. ಬಿಡುಗಡೆಯಾದ ಊರುಗಳಲ್ಲಿ ಏಣೆಲಿನ ನೇಜಿ ಮತ್ತೆ ನಾಟಿಯಾಯಿತು. ಕೆಲವು ವರ್ಷಗಳು ಕಳೆಯುವಷ್ಟರಲ್ಲಿ ಶುದ್ಧೀಕರಣಾಗಾರದ ವಿಸ್ತರಣೆಗೆಂದು ಪೆರ್ಮುದೆ, ಕುತ್ತೆತ್ತೂರು, ತೆಂಕ ಎಕ್ಕಾರುಗಳ ನೆಲಕ್ಕೆ 1966ರ ಅದೇ ಶಾಸನದ ಮೇರೆಗೆ ಇನ್ನೊಂದು ನೋಟೀಸು ಬಂತು.