ಬೀಬಿ ನಾಚ್ಚಿಯಾರ್: ಅರಮನೆ ತೊರೆದು ಬಂದ ಹೆಣ್ಣು

ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರಳ ಪುಟ್ಟ ಮೂರ್ತಿಯಿದೆ. ಐತಿಹ್ಯದ ಪ್ರಕಾರ ಆಕೆ ದಿಲ್ಲಿಯ ಬಾದಶಹನ ಮಗಳು. ಲೂಟಿಯಾಗಿ ಅರಮನೆ ಸೇರಿದ್ದ ಮೇಲುಕೋಟೆಯ ಉತ್ಸವಮೂರ್ತಿ ಬಾಲ್ಯದಲ್ಲಿ ಆಕೆಗೆ ಆಟದ ಗೊಂಬೆ. ಬೆಳೆದಂತೆ ಬಿಟ್ಟಿರಲಾರದ ಒಲವು. ರಾಮಾನುಜರು ಮೂರ್ತಿಯನ್ನು ಮರಳಿ ತಂದಾಗ ಆಕೆ ಅರಮನೆ ತೊರೆದು ಹಿಂದೆಯೇ ಬಂದಳಂತೆ. ಲೋಕದ ಕಣ್ಣಿಗೆ ಇದು ಹುಚ್ಚು.

ಈ ಕಥೆ ಇತಿಹಾಸದ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಸಂಪ್ರದಾಯದ ಪ್ರಕಾರ ರಾಮಾನುಜರು ತೀರಿಕೊಂಡದ್ದು 1137ರಲ್ಲಿ. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಮಲಿಕ್ ಕಾಫರ್ ದೋರಸಮುದ್ರದ ಮೇಲೆ ದಂಡೆತ್ತಿ ಬಂದದ್ದು 1311ರಲ್ಲಿ. ನಂತರದ ದಾಳಿಗಳ ನೆನಪು ಹಿಂದಿನ ಕಾಲದ ಕಥೆಯೊಳಗೆ ಸೇರಿಕೊಂಡಿರಬಹುದು. ಆದರೆ ನಾವು ಗಮನಿಸಬೇಕಾದ ಸಂಗತಿ ಬೇರೆ. ಲೂಟಿಯ ನೆನಪನ್ನು ಜನ ಹಗೆಯ ಕಥೆಯಾಗಿ ಕಟ್ಟಲಿಲ್ಲ, ಒಂದು ಹೆಣ್ಣಿನ ಪ್ರೀತಿಯ ಕಥೆಯಾಗಿ ಕಟ್ಟಿದರು.

ಈ ಕಥೆ ಮೈಸೂರು ಅರಸರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣವನ್ನೂ ಮುಟ್ಟಿತು. ದೊಡ್ಡ ಕೃಷ್ಣರಾಜ ಒಡೆಯರ (1714-1732) ರಾಣಿ ಚೆಲುವಾಂಬೆ ಈ ರಾಜಕುಮಾರಿಗೆ ವರನಂದಿ ಎಂಬ ಹೆಸರಿಟ್ಟು, ಆಕೆಯನ್ನೇ ನಾಯಕಿಯಾಗಿಸಿ 'ವರನಂದಿ ಕಲ್ಯಾಣ' ಎಂಬ ಸಾಂಗತ್ಯ ಕಾವ್ಯ ಬರೆದರು. ಹಿಂದೂ ರಾಣಿಯೊಬ್ಬರು ಮುಸ್ಲಿಂ ರಾಜಕುಮಾರಿಗೂ ಮೇಲುಕೋಟೆಯ ದೇವರಿಗೂ ಕನ್ನಡದಲ್ಲಿ ಮದುವೆ ಮಾಡಿಸಿದರು!

ಮೂರ್ತಿಪೂಜೆ ಒಪ್ಪದ ಮುಸ್ಲಿಮರಿಗೂ ಅನ್ಯಧರ್ಮೀಯಳೆಂದು ಹಿಂಜರಿಯುವ ಹಿಂದೂಗಳಿಗೂ ಈ ಕಥೆ ಇರುಸುಮುರುಸು ತರಬಹುದು. ಅದನ್ನು ಯಾರೂ ತಮ್ಮದಷ್ಟೇ ಎನ್ನುವಂತಿಲ್ಲ. 'ಬೀಬಿ' ಉರ್ದು ಮನೆಗಳ ಮಾತು, 'ನಾಚ್ಚಿಯಾರ್' ತಮಿಳು ವೈಷ್ಣವರದು. ಎರಡನ್ನೂ ಕೂಡಿಸಿ ಕರೆಯುವ ಮೇಲುಕೋಟೆ, ಆಕೆ ಯಾರ ಮನೆಯ ಮಗಳೆಂಬುದನ್ನು ಮರೆಮಾಚಿಲ್ಲ.